ಗಾಜಿನ ಕೋಣೆ ಕೇಳಿ ಬಂದವರಿಗೆ

ಕಮಲಾಪುರದಲ್ಲಿ ಕೂತು ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಮನೆ ಕೆಲಸ ಹಿಡಿಯುವವನು ನಾನು. ಹೊಸ ಮನೆಗಿಂತ ಹಳೆ ಮನೆಗೆ ಏನಾದರೂ ಸೇರಿಸುವ ಕೆಲಸವೇ ಜಾಸ್ತಿ. ಮೊದಲೆಲ್ಲ ಜನ ಅಡುಗೆಮನೆ ದೊಡ್ಡದು ಮಾಡಬೇಕು, ಮೇಲೊಂದು ರೂಮು ಏರಿಸಬೇಕು ಅಂತ ಬರುತ್ತಿದ್ದರು. ಈಗ ಫೋನ್ ಮುಂದೆ ಹಿಡಿದು ಬರುತ್ತಾರೆ: "ಸಾರ್, ಮನಿ ಮುಂದ ಇಂಥದ್ದೊಂದು ಮಾಡಿಕೊಡ್ರಿ." ಚಿತ್ರದಲ್ಲಿ ಬಿಳಿ ಚೌಕಟ್ಟು, ಮೂರು ಕಡೆ ಗಾಜು, ನೆತ್ತಿಗೂ ಗಾಜು, ಒಳಗೆ ಬೆತ್ತದ ಕುರ್ಚಿ, ತೂಗುಬಿಟ್ಟ ಕುಂಡ. ಹೋಂಸ್ಟೇ ನಡೆಸುವವರಿಗೆ ಪ್ರವಾಸಿಗಳನ್ನು ಕೂರಿಸಲು ಬೇಕು, ರಿಟೈರಾದವರಿಗೆ ಪೇಪರ್ ಓದಲು ಬೇಕು, ಹೊಸದಾಗಿ ಮದುವೆಯಾದವರಿಗೆ ಚೆಂದಕ್ಕೆ ಬೇಕು. ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಒಳಗೂ ಅಲ್ಲದ ಹೊರಗೂ ಅಲ್ಲದ ಒಂದು ಜಾಗ ನಮ್ಮ ಸೀಮೆಯ ಮನೆಗೆ ಬೇಕೇ ಬೇಕು. ಅದು ಯಾವ ಥರದ್ದಿರಬೇಕು ಎಂಬುದನ್ನು ತೀರ್ಮಾನಿಸುವಾಗ ನಾನು ನೋಡುವ ಸಂಗತಿಗಳನ್ನು ಕೆಳಗೆ ಬರೆದಿದ್ದೇನೆ.

1. ಚಿತ್ರ ಯಾವ ಊರಿನದು ಎಂದು ಕೇಳಿ

ಈ ಗಾಜಿನ ಕೋಣೆ ಬೆಳೆದದ್ದು ಬಿಸಿಲಿಗೆ ಹಂಬಲಿಸುವ ದೇಶಗಳಲ್ಲಿ. ಇಂಗ್ಲೆಂಡಿನ ಸಿರಿವಂತರು ಕಿತ್ತಳೆ, ನಿಂಬೆ ಗಿಡಗಳು ಚಳಿಗೆ ಸಾಯದಿರಲಿ ಎಂದು ಗಾಜಿನ ಮನೆ ಕಟ್ಟಿಸಿದರು. ಆಮೇಲೆ ಅದೇ ಮನೆಗೆ ಅಂಟಿದ ಕೋಣೆಯಾಯಿತು. ಬಿಸಿಲನ್ನು ಒಳಗೆ ಬಿಟ್ಟುಕೊಂಡು ಹಿಡಿದಿಡುವುದೇ ಅದರ ಕೆಲಸ. ಸಾದಾ ಗಾಜು ಬಿಸಿಲಿನ ಶಾಖದಲ್ಲಿ ಹತ್ತಕ್ಕೆ ಎಂಟು ಪಾಲನ್ನು ಒಳಗೆ ಬಿಡುತ್ತದೆ. ಆ ಬಿಸಿಲು ನೆಲ, ಕುರ್ಚಿ, ಗೋಡೆಗೆ ತಾಗಿ ಕಾವಾಗಿ ತಿರುಗಿದ ಮೇಲೆ ಅದನ್ನು ಹೊರಗೆ ಹೋಗಗೊಡುವುದಿಲ್ಲ. ಏಪ್ರಿಲ್‌ನಲ್ಲಿ ನೆರಳಿನಲ್ಲೇ 40 ಡಿಗ್ರಿ ಮುಟ್ಟುವ ನಮ್ಮೂರಿಗೆ ಇಂಥದ್ದೊಂದನ್ನು ದುಡ್ಡು ಕೊಟ್ಟು ತರುವ ಮುಂಚೆ ಎರಡು ಸಲ ಯೋಚಿಸಬೇಕು.

"ಮತ್ತೆ ಲಾಲ್‌ಬಾಗಿನಾಗ ಐತಲ್ರಿ?" ಅಂತ ಕೇಳುವವರುಂಟು. ಇದೆ. 1889ರಲ್ಲಿ ಜಾನ್ ಕ್ಯಾಮರಾನ್ ತೋಟದ ಮೇಲ್ವಿಚಾರಕರಾಗಿದ್ದಾಗ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಮಾದರಿ ನೋಡಿ ಕಟ್ಟಿದ್ದು. ಆದರೆ ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ನಾವಿರುವುದು ಅದರ ಅರ್ಧ ಎತ್ತರದ ಆಸುಪಾಸಿನಲ್ಲಿ. ಲಾಲ್‌ಬಾಗಿನ ಆ ಮನೆಯ ನೆತ್ತಿ ಬಹಳ ಎತ್ತರ, ಬದಿಗಳು ಬಹುಮಟ್ಟಿಗೆ ಬಯಲು, ಸುತ್ತ ದೊಡ್ಡ ಮರಗಳು. ಎಂಟಡಿ ಎತ್ತರಕ್ಕೆ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯನ್ನು ಅದರ ಜೊತೆ ಇಟ್ಟು ನೋಡಿ ಪ್ರಯೋಜನವಿಲ್ಲ.

ಒಳಗಡೆ ಪರದೆ ಹಾಕಿಕೊಳ್ಳುತ್ತೇವೆ ಎಂಬ ಮಾತೂ ಬರುತ್ತದೆ. ಪರದೆಗೆ ಬಿಸಿಲು ತಾಗುವ ಹೊತ್ತಿಗೆ ಅದು ಗಾಜು ದಾಟಿ ಒಳಗೆ ಬಂದಾಗಿದೆ. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು: ಸೂರು, ಬಿದಿರಿನ ತಟ್ಟಿ, ಜಾಲಿ, ಹಂದರ, ಯಾವುದಾದರೂ ಸರಿ.

2. ದಿಕ್ಕು ನೋಡದೆ ಅಳತೆ ಟೇಪು ಬಿಚ್ಚಬೇಡಿ

ವಾಸ್ತುವಿನ ಮಾತು ಇದಲ್ಲ, ಅದು ನಿಮ್ಮ ನಿಮ್ಮ ಮನೆಗೆ ಬಿಟ್ಟದ್ದು. ನಾನು ಹೇಳುವುದು ಸೂರ್ಯನ ಲೆಕ್ಕ.

ಕಮಲಾಪುರ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲಲ್ಲಿ, ಭರಣಿ ಮಳೆಯ ದಿನಗಳಲ್ಲಿ, ಮಟಮಟ ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ. ಅಲ್ಲಿಂದ ಆಗಸ್ಟ್ ಎರಡನೇ ವಾರದ ಆಶ್ಲೇಷಾವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೆ. ಆಮೇಲೆ ಮತ್ತೆ ದಕ್ಷಿಣಕ್ಕೆ ಜಾರುತ್ತ ಹೋಗಿ ಡಿಸೆಂಬರ್ ಕೊನೆಗೆ ಮಧ್ಯಾಹ್ನವೂ 51 ಡಿಗ್ರಿಗಿಂತ ಮೇಲೇರುವುದಿಲ್ಲ. ರೈತರಿಗೆ ಇದನ್ನು ಮಳೆ ನಕ್ಷತ್ರದಲ್ಲಿ ಹೇಳಿದರೆ ತಟ್ಟನೆ ತಿಳಿಯುತ್ತದೆ, ಡಿಗ್ರಿಯಲ್ಲಿ ಹೇಳಿದರೆ ಎಂಜಿನಿಯರೂ ತಲೆ ಕೆರೆದುಕೊಳ್ಳುತ್ತಾನೆ.

ದಕ್ಷಿಣಕ್ಕೆ ಮುಖ ಮಾಡಿದ ಪಡಸಾಲೆ ಹಿಡಿಯಿರಿ. ಎಂಟಡಿ ಎತ್ತರದಲ್ಲಿ ಸೂರಿನ ಅಂಚು, ಮೂರಡಿ ಮುಂದಕ್ಕೆ ಚಾಚಿದೆ ಎಂದುಕೊಳ್ಳಿ. ಡಿಸೆಂಬರ್ ಮಧ್ಯಾಹ್ನ ಬಿಸಿಲು ಸುಮಾರು ಮೂರೂವರೆ ಅಡಿ ಒಳಗೆ ಬರುತ್ತದೆ, ಕಾಲಿಗೆ ಹಿತವಾಗಿ. ಏಪ್ರಿಲ್‌ನಲ್ಲಿ ಅದೇ ಸೂರು ಮಧ್ಯಾಹ್ನದ ಬಿಸಿಲನ್ನು ಒಳಗೆ ಬಿಡುವುದೇ ಇಲ್ಲ. ಚಳಿಗೆ ಬಿಸಿಲು, ಬೇಸಿಗೆಗೆ ನೆರಳು; ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಗಾಜು ಹಾಕಲೇಬೇಕು ಎಂಬ ಹಟವಿದ್ದರೆ ಈ ದಿಕ್ಕಿನಲ್ಲಿ, ಇಂಥ ಸೂರಿನ ಅಡಿಯಲ್ಲಿ ಹಾಕಿಸಿ.

ಉತ್ತರದ ಪಡಸಾಲೆ ಇನ್ನೂ ಸಲೀಸು. ಜೂನ್‌ನಲ್ಲೂ ಮಧ್ಯಾಹ್ನದ ಸೂರ್ಯ ಎಷ್ಟು ಮೇಲಿರುತ್ತಾನೆಂದರೆ ಚಿಕ್ಕ ಸೂರು ಸಾಕು. ಅಲ್ಲೊಂದು ಕಳ್ಳ ಬಿಸಿಲಿದೆ, ಮೇಯಿಂದ ಜುಲೈವರೆಗೆ ಸಂಜೆ ಹೊತ್ತು ವಾಯವ್ಯದಿಂದ ಓರೆಯಾಗಿ ನುಗ್ಗುವುದು. ಪಡಸಾಲೆಯ ಪಶ್ಚಿಮದ ತುದಿಗೆ ಒಂದು ಜಾಲಿ ಗೋಡೆ ನಿಲ್ಲಿಸಿದರೆ ಆಯಿತು. ಪೂರ್ವಕ್ಕಾದರೆ ಬೆಳಗಿನ ಚಹಾ ಹೊತ್ತಿನವರೆಗೆ ಚೆಂದ, ಒಂಬತ್ತರ ಮೇಲೆ ತಟ್ಟಿ ಇಳಿಸಬೇಕು.

ಪಶ್ಚಿಮ ಮಾತ್ರ ಮೊಂಡು. ಏಪ್ರಿಲ್ ಸಂಜೆ ನಾಲ್ಕೂವರೆಗೆ ಸೂರ್ಯ 30 ಡಿಗ್ರಿಗೆ ಇಳಿದಿರುತ್ತಾನೆ. ಮೂರಡಿ ಸೂರು ಆಗ ಕೊಡುವುದು ಒಂದೂಮುಕ್ಕಾಲು ಅಡಿ ನೆರಳು. ಹಗಲೆಲ್ಲ ಕಾದ ಬಂಡೆಗಳ ಝಳವೂ ಅದೇ ಹೊತ್ತಿಗೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಳಿ, ಇರಚಲು ಎರಡೂ ಆ ಕಡೆಯಿಂದಲೇ. ಪಶ್ಚಿಮಕ್ಕೆ ಬಾಗಿಲಿರುವ ಮನೆಯವರು ಗಾಜಿನ ಕೋಣೆ ಕೇಳಿದರೆ ನಾನು ಜಾಲಿ ಗೋಡೆಯ ಚಿತ್ರ ಬರೆದುಕೊಡುತ್ತೇನೆ. ಅದರ ಮುಂದೆ ನಾಲ್ಕಡಿ ಬಿಟ್ಟು ಹೊಂಗೆ ಅಥವಾ ಬೇವು.

ಲೆಕ್ಕ ನಂಬದವರಿಗೆ ಒಂದು ಪರೀಕ್ಷೆ ಇದೆ. ಕೋಣೆ ಬರಬೇಕಾದ ಜಾಗದಲ್ಲಿ ನಾಲ್ಕು ಬಿದಿರು ಗಳ ನೆಟ್ಟು, ಮೇಲೆ ಎರಡು ಹಳೆ ಸೀರೆ ಕಟ್ಟಿ ಒಂದು ವಾರ ಬಿಡಿ. ಗಂಟೆಗೊಮ್ಮೆ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಯಲು ಮಕ್ಕಳಿಗೆ ಹೇಳಿ. ವಾರದ ಕೊನೆಗೆ ಕುರ್ಚಿ ಎಲ್ಲಿಡಬೇಕು, ಸೂರು ಎಷ್ಟು ಚಾಚಬೇಕು, ಯಾವ ಬದಿ ಮುಚ್ಚಬೇಕು ಎಂಬುದೆಲ್ಲ ನೆಲದ ಮೇಲೇ ಬರೆದಿರುತ್ತದೆ.

3. ಮನೆಯ ಮೈಕಟ್ಟು ಏನು ಹೇಳುತ್ತದೆ ನೋಡಿ

ನಮ್ಮ ಕಡೆ ಮೂರು ಜಾತಿಯ ಮನೆಗಳು. ಒಂದು, ಮೇಲ್ಮುದ್ದೆಯ ಹಳೆ ಮಾಳಿಗೆ ಮನೆ. ಎರಡು, ಮೂವತ್ತು-ನಲವತ್ತರ ಸೈಟಿನ ಆರ್‌ಸಿಸಿ ಮನೆ. ಮೂರು, ತೋಟದ ಮನೆ.

ಮಾಳಿಗೆ ಮನೆಯ ಮುಂದೆ ಗಾಜು, ಅಲ್ಯುಮಿನಿಯಂ ತಂದು ನಿಲ್ಲಿಸುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅಂಕಣದ ಲೆಕ್ಕದಲ್ಲಿ ಕಟ್ಟಿದ ಮನೆ ಅದು. ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಹಾಸಿ ಮಣ್ಣಿನ ಮುದ್ದೆ, ಕೊನೆಗೆ ಚೌಳು ಮಣ್ಣಿನ ಪದರ. ಆ ದಪ್ಪ ಮಣ್ಣು ಹಗಲಿನ ಕಾವನ್ನು ತಡೆದು ನಿಲ್ಲಿಸುತ್ತದೆ, ಮಧ್ಯಾಹ್ನ ಒಳಗೆ ಹೋದರೆ ಮೈ ತಣ್ಣಗಾಗುತ್ತದೆ. ಅಂಥ ಮನೆಯ ಬಾಗಿಲಲ್ಲೇ ಕಾವಿನ ಪೆಟ್ಟಿಗೆ ಇಟ್ಟರೆ ಆ ತಂಪನ್ನು ನಾವೇ ಕೆಡಿಸಿದ ಹಾಗೆ. ಇನ್ನೊಂದು ತೊಂದರೆ: ಮಣ್ಣು ಗೋಡೆ ಬೋಲ್ಟು ಹಿಡಿಯುವುದಿಲ್ಲ. ವೆಲ್ಡಿಂಗಿನವರು ಕಬ್ಬಿಣದ ಆ್ಯಂಗಲ್ಲನ್ನು ಗೋಡೆಗೆ ಬಡಿದು ಹೋಗುತ್ತಾರೆ; ಮೊದಲ ಬಿರುಗಾಳಿಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ.

ಕಮಲಾಪುರದ ಹಳೆ ಓಣಿಯೊಂದರಲ್ಲಿ ಇಂಥ ಮನೆಯ ಕೆಲಸ ಬಂತು. ಮಗನಿಗೆ ಗಾಜಿನ ಸಿಟ್‌ಔಟ್ ಬೇಕು, ಮುಂದಿನ ಕಟ್ಟೆ ಒಡೆಯಬೇಕು. ನಾನು ಟೇಪು ಹಿಡಿದು ನಿಂತಾಗ ಅವನ ತಾಯಿ ಆ ಕಟ್ಟೆಯ ಮೇಲೇ ಕೂತು ಶೇಂಗಾ ಬಿಡಿಸುತ್ತಿದ್ದರು. "ಇಲ್ಲಿ ಕುಂತ್ರ ಹೋಗೋರು ಬರೋರು ಮಾತಾಡಿಸ್ತಾರ ಯಪ್ಪಾ. ಗಾಜಿನ್ಯಾಗ ಕುಂತ್ರ ನಾನು ಬಟ್ಟಿ ಅಂಗಡಿ ಗೊಂಬಿ ಆಗ್ತೀನಿ" ಅಂದರು. ಮಗನೂ ನಕ್ಕ. ಕಟ್ಟೆ ಉಳಿಯಿತು. ಗೋಡೆ ಮುಟ್ಟದೆ, ಕಟ್ಟೆಯ ಮುಂದೆ ತಮ್ಮಷ್ಟಕ್ಕೆ ನಿಲ್ಲುವ ಐದು ಕಲ್ಲುಕಂಬ ನೆಟ್ಟೆವು. ಹಳೆ ಮನೆ ಕೆಡವಿದ ಕಡೆ ಇಂಥ ಕಂಬ ಈಗಲೂ ಸಿಗುತ್ತವೆ. ಕಂಬದ ಸಾಲನ್ನು ಒಳಗಿನ ಅಂಕಣಗಳ ಸಾಲಿಗೇ ಕೂಡಿಸಿದೆವು. ಹಾಗೆ ಮಾಡಿದ್ದರಿಂದ ಹೊಸದು ಹಳೆಯದರ ಮುಂದುವರಿಕೆಯಾಗಿಯೇ ಕಾಣುತ್ತದೆ. ಮೇಲೆ ಮರದ ರೀಪು, ಹೆಂಚು. ಮಾಳಿಗೆಯ ದೋಣಿಯ ನೀರು ಹೊಸ ಸೂರಿನ ಮೇಲೆ ಬೀಳುತ್ತಿತ್ತು, ದೋಣಿಯನ್ನು ಪಕ್ಕಕ್ಕೆ ತಿರುಗಿಸಿದೆವು. ಇದನ್ನು ಮರೆತರೆ ಹೆಂಚು ಒಂದೇ ಮಳೆಗಾಲ ಬಾಳುತ್ತದೆ.

ಮಗನ ಗಾಜಿನ ಆಸೆ ಪೂರ್ತಿ ಹೋಗಲಿಲ್ಲ. ಮಾಳಿಗೆಯಲ್ಲಿ ಗವಾಕ್ಷಿ ಇತ್ತು, ಮಳೆ ಬಂದಾಗ ತಗಡು ಮುಚ್ಚಿ ಮೇಲೆ ಕಲ್ಲು ಹೇರುವಂಥದ್ದು. ಅದರ ಸುತ್ತ ಒಂಬತ್ತು ಇಂಚು ಎತ್ತರದ ಕಟ್ಟೆ ಕಟ್ಟಿ, ಎರಡು ಬದಿಗೆ ಗಾಳಿಕಿಂಡಿ ಬಿಟ್ಟು, ಮೇಲೆ ಲ್ಯಾಮಿನೇಟೆಡ್ ಗಾಜು ಕೂರಿಸಿದೆವು. ನಡುಮನೆಗೆ ಬೆಳಕು ಬಂತು, ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ. ಒಂದಡಿ ಚೌಕದ ಆ ಗಾಜು ಮಾಡುವ ಕೆಲಸವನ್ನು ಮುಂದೆ ನೂರು ಚದರಡಿ ಗಾಜು ಹಾಕಿದರೂ ಮಾಡುತ್ತಿರಲಿಲ್ಲ.

ಆರ್‌ಸಿಸಿ ಮನೆಗೆ ಬೇರೆ ಮಾತು. ಅದು ಚೌಕ, ನೇರ ಗೆರೆ. ಅದಕ್ಕೆ ಕಬ್ಬಿಣ, ಅಲ್ಯುಮಿನಿಯಂ ಹೊಂದುತ್ತದೆ. ಎಂ.ಎಸ್. ಪೈಪಿನ ಚೌಕಟ್ಟು, ಅರ್ಧ ಗೋಡೆ, ಮೇಲೆ ಜಾರುವ ಕಿಟಕಿ ಅಥವಾ ಮೆಶ್ ಸಾಕು. ಚೌಕಟ್ಟಿನ ಎತ್ತರ ಮನೆಯ ಲಿಂಟಲ್ ಮಟ್ಟಕ್ಕೆ ಸಮ ಬರಬೇಕು. ಆರ್ಚು, ಗುಮ್ಮಟ, ಇಂಗ್ಲಿಷ್ ಬಂಗಲೆಯ ಚೂಪು ಮಾಡು ಇವೆಲ್ಲ ಚೌಕ ಮನೆಗೆ ಎರವಲು ಟೊಪ್ಪಿಗೆ. ಜಾಗ ಇಲ್ಲದ ಸೈಟಿನಲ್ಲಿ ಮುಂದೆ ಕಟ್ಟುವ ಬದಲು ತಾರಸಿಯ ಮೇಲೆ, ಮೆಟ್ಟಿಲ ಕೋಣೆಗೆ ಅಂಟಿಸಿ ಕಟ್ಟುವುದೇ ಲೇಸು. ಕೆಳಗಿನ ರೂಮಿಗೂ ನೆರಳು ಸಿಗುತ್ತದೆ.

ತೋಟದ ಮನೆಯವರು ಅದೃಷ್ಟವಂತರು. ನಮ್ಮ ಕಮಲಾಪುರ ಸುಗಂಧಿ ಬಾಳೆಯ ಸೀಮೆ. ಕೆಂಬಾಳೆಗೆ ಹೆಸರಾದ ಕಮಲಾಪುರ ಕಲಬುರಗಿ ಕಡೆಯದು. ಹೊರಗಿನವರು ನಮ್ಮಲ್ಲಿ ಬಂದು ಅದನ್ನು ಕೇಳುತ್ತಲೇ ಇರುತ್ತಾರೆ. ಬಾಳೆ ತೋಟದ ಮಧ್ಯದ ಮನೆಗೆ ನಾಲ್ಕು ಕಂಬ, ಒಂದು ಮಾಡು, ಬಂಡೆ ಹಾಸಿದ ನೆಲ ಬಿಟ್ಟರೆ ಬೇರೇನೂ ಬೇಡ.

4. ಹಂಪಿಯಿಂದ ಆರ್ಚು ಕದಿಯಬೇಡಿ, ಅಳತೆ ಕದಿಯಿರಿ

ಕಮಲ ಮಹಲಿನ ಎಲೆ ಎಲೆಯ ಕಮಾನನ್ನು ಫೈಬರಿನಲ್ಲಿ ಅಚ್ಚು ಹೊಯ್ದು, ಬಂಗಾರದ ಬಣ್ಣ ಬಳಿದು ಮುಂದೆ ನಿಲ್ಲಿಸುವ ಖಯಾಲಿ ಹೋಟೆಲಿನವರಿಂದ ಶುರುವಾಗಿ ಮನೆಗಳಿಗೂ ಬಂದಿದೆ. ನನಗೆ ಅದು ಒಗ್ಗುವುದಿಲ್ಲ. ಕಮಲ ಮಹಲಿನ ಮುಂದೆ ಮಧ್ಯಾಹ್ನ ನಿಂತು ನೋಡಿ. ಕಮಾನುಗಳು ಒಂದರೊಳಗೊಂದು ಹಿಂದೆ ಸರಿಯುತ್ತ ಹೋಗುವುದರಿಂದ ಪ್ರತಿ ಪದರವೂ ಒಳಗಿನದಕ್ಕೆ ನೆರಳು ಕೊಡುತ್ತದೆ. ಕೆಳಗಿನ ಅಂತಸ್ತು ನಾಲ್ಕೂ ಕಡೆ ಬಯಲು, ಗಾಳಿ ಆಡುತ್ತದೆ. ಆ ಕಮಾನಿನ ದಪ್ಪವೇ ಕೆಲಸ ಮಾಡುತ್ತಿರುವುದು. ಎರಡಿಂಚಿನ ಫೈಬರ್ ಹಾಳೆಗೆ ಆ ದಪ್ಪ ಎಲ್ಲಿಂದ ಬರಬೇಕು?

ನನ್ನ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ರಾಣಿ ಸ್ನಾನಗೃಹ. ಹೊರಗಿನಿಂದ ಬೋಳು ಗೋಡೆ, ಏನೂ ಇಲ್ಲ. ಒಳಗೆ ನಡುವೆ ಆಕಾಶಕ್ಕೆ ತೆರೆದ ಕೊಳ, ಸುತ್ತಲೂ ಮುಚ್ಚಿದ ಓಣಿ, ಅದರಿಂದ ಕೊಳದ ಮೇಲೆ ಚಾಚಿದ ಉಪ್ಪರಿಗೆಗಳು. ಬೆಳಕನ್ನು ನಡುವಿನಿಂದ ಇಳಿಸಿ, ಕೂರುವವರನ್ನು ಅಂಚಿನ ನೆರಳಿನಲ್ಲಿ ಕೂರಿಸಿದ್ದಾರೆ. ಗಾಜಿನ ಕೋಣೆ ಕೇಳುವವರು ಇದಕ್ಕೆ ತದ್ವಿರುದ್ಧ ಮಾಡುತ್ತಾರೆ, ಬೆಳಕಿನ ನಟ್ಟನಡುವೆ ಕುರ್ಚಿ ಹಾಕುತ್ತಾರೆ. ಹಿತ್ತಿಲಿನಲ್ಲಿ ಹನ್ನೆರಡು ಅಡಿ ಚೌಕ ಜಾಗವಿದ್ದರೆ ಈ ಯೋಜನೆಯ ಸಣ್ಣ ರೂಪ ಮಾಡಬಹುದು: ನಡುವೆ ನಾಲ್ಕಡಿ ಚೌಕ ಬಯಲು, ಅಲ್ಲೊಂದು ತುಳಸಿಯೋ ಮಲ್ಲಿಗೆಯೋ, ಸುತ್ತ ನಾಲ್ಕಡಿ ಮಾಡು.

ವಿಠ್ಠಲ ದೇವಾಲಯದ ಕಲ್ಲಿನ ಸೂರು ಎಷ್ಟು ಮುಂದಕ್ಕೆ ಬಾಗಿ ಚಾಚಿದೆ ಎಂದೂ ನೋಡಿಕೊಂಡು ಬನ್ನಿ. ಕಲ್ಲಿನಲ್ಲಿ ಅಷ್ಟು ಚಾಚಲು ಅವರು ಪಟ್ಟ ಪಾಡು ನೆನೆದರೆ, ಇವತ್ತು ಕಬ್ಬಿಣ ಇದ್ದೂ ಒಂದಡಿ ಸಜ್ಜಾ ಬಿಟ್ಟು ಕೈತೊಳೆದುಕೊಳ್ಳುವ ನಮಗೆ ನಾಚಿಕೆಯಾಗಬೇಕು.

5. ನೆತ್ತಿಯ ಮೇಲೆ ಏನು?

ಹಣ ಹಾಳಾಗುವುದು ಬಹಳವಾಗಿ ಇಲ್ಲೇ. ಒಂದೊಂದನ್ನೇ ಹೇಳುತ್ತೇನೆ.

ಗಾಜು: ನೆತ್ತಿಗೆ ಹಾಕುವುದಾದರೆ ಲ್ಯಾಮಿನೇಟೆಡ್ ಗಾಜೇ ಆಗಬೇಕು, ಒಡೆದರೂ ನಡುವಿನ ಪದರಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಟಫನ್ಡ್ ಗಾಜು ಒಡೆದರೆ ಹರಳು ಹರಳಾಗಿ ತಲೆಯ ಮೇಲೆ ಸುರಿಯುತ್ತದೆ. ಅದಕ್ಕೆ ಬದಿಗಳಲ್ಲಿ, ಬಾಗಿಲಿನಲ್ಲಿ ಜಾಗ. ಟಫನ್ಡ್ ಗಾಜನ್ನು ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಹಾಗಾಗಿ ಚೌಕಟ್ಟು ನಿಂತ ಮೇಲೆಯೇ ಅಳತೆ ಕೊಡಿ. ತೂಕವನ್ನೂ ಲೆಕ್ಕ ಹಾಕಿ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕೆ.ಜಿ. ಹತ್ತಡಿಗೆ ಹನ್ನೆರಡಡಿ ಮಾಡಿಗೆ ಗಾಜೊಂದೇ 330 ಕೆ.ಜಿ. ದಾಟುತ್ತದೆ, ಚೌಕಟ್ಟಿನ ಕಬ್ಬಿಣ ಬೇರೆ.

ಪಾಲಿಕಾರ್ಬೊನೇಟ್: ಅಗ್ಗ, ಹಗುರ, ಈಗ ಎಲ್ಲರ ಕಾರ್ ಶೆಡ್ಡಿನ ಮೇಲೂ ಇದೆ. ಇದರ ಗುಣವೊಂದನ್ನು ತಿಳಿಯದೆ ಹಾಕಿ ಕೆಡಿಸುತ್ತಾರೆ. ರಾತ್ರಿಯ 20 ಡಿಗ್ರಿಗೂ ಮಧ್ಯಾಹ್ನ ಶೀಟು ಕಾದು ಮುಟ್ಟುವ 60 ಡಿಗ್ರಿಗೂ ನಡುವೆ ಹತ್ತಡಿ ಶೀಟು ಸುಮಾರು 8 ಮಿ.ಮೀ. ಉದ್ದವಾಗುತ್ತದೆ. ಅದೇ ಉದ್ದದ ಅಲ್ಯುಮಿನಿಯಂ ಹಿಗ್ಗುವುದು 3 ಮಿ.ಮೀ. ಒಳಗೆ, ಕಬ್ಬಿಣ ಒಂದೂವರೆ ಮಿ.ಮೀ. ಶೀಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದರೆ ಅದು ಹಿಗ್ಗಲು ದಾರಿ ಸಿಗದೆ ಉಬ್ಬುತ್ತದೆ, ತೂತಿನ ಸುತ್ತ ಬಿರಿಯುತ್ತದೆ, ಸಿಲಿಕೋನ್ ಹರಿಯುತ್ತದೆ, ಮಳೆ ಸೋರುತ್ತದೆ. ಸ್ಕ್ರೂವಿಗಿಂತ ದೊಡ್ಡ ತೂತು ಕೊರೆದು ರಬ್ಬರ್ ವಾಷರ್ ಹಾಕಿ. ಬಿಸಿಲಿನ ಕಿರಣ ತಡೆಯುವ ಲೇಪ ಇರುವ ಮಗ್ಗುಲು ಮೇಲೆ ಬರಬೇಕು. ಅದು ಯಾವುದೆಂದು ಶೀಟಿನ ಮೇಲಿನ ಕಾಗದದಲ್ಲಿ ಬರೆದಿರುತ್ತದೆ, ಹುಡುಗರು ಮೊದಲು ಆ ಕಾಗದವನ್ನೇ ಕಿತ್ತು ಬಿಸಾಡುತ್ತಾರೆ. ಟೊಳ್ಳು ಗೆರೆಗಳ ಶೀಟಾದರೆ ಗೆರೆ ಇಳಿಜಾರಿನ ದಿಕ್ಕಿಗೇ ಇರಲಿ, ತುದಿಗೆ ಟೇಪು ಅಂಟಿಸಿ. ಇಲ್ಲವಾದರೆ ಒಳಗೆ ಪಾಚಿ, ಇರುವೆ ಎರಡೂ ಸಂಸಾರ ಹೂಡುತ್ತವೆ.

ತಗಡು: ಕಾಯುತ್ತದೆ, ಮಳೆಗೆ ಸದ್ದು. ಅಡಿಗೆ ಬಿದಿರಿನ ಚಾಪೆ ಹೊಡೆದು ನಡುವೆ ಗಾಳಿ ಹಾಯಲು ನಾಲ್ಕಿಂಚು ಬಿಟ್ಟರೆ ಸಹಿಸಬಹುದು.

ಹೆಂಚು: ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಸುಡಲು ಶುರುಮಾಡಿದ ಹೆಂಚು ನನ್ನ ಮಟ್ಟಿಗೆ ಈಗಲೂ ಮೊದಲ ಆಯ್ಕೆ. ಸಂದಿಯಲ್ಲಿ ಕಾವು ಹೊರಗೆ ಹೋಗುತ್ತದೆ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ಬೆಳಕು ಬೇಕಾದಲ್ಲಿ ನಾಲ್ಕಾರು ಗಾಜಿನ ಹೆಂಚು ಸೇರಿಸಿದರೆ ಸರಿ. ಇದರ ವೈರಿಯ ವಿಚಾರ ಮುಂದಿನದು.

6. ಕೋತಿಗಳನ್ನು ನಕ್ಷೆಯಲ್ಲಿ ಸೇರಿಸಿ

ಹಂಪಿ, ಕಮಲಾಪುರ, ಆನೆಗೊಂದಿ ಸುತ್ತ ಮನೆ ಕಟ್ಟುವವರಿಗೆ ಇದು ತಮಾಷೆಯ ಮಾತಲ್ಲ. ಕೆಂಪು ಮೂತಿಯ ಸಣ್ಣ ಕೋತಿ ಹೆಂಚು ಎತ್ತಿ ಅಡಿಯಲ್ಲಿ ಏನಿದೆ ನೋಡುತ್ತದೆ, ಕಪ್ಪು ಮೂತಿಯ ಮುಸುವ ಮರದಿಂದ ನೇರ ಮಾಡಿನ ಮೇಲೆ ಹಾರುತ್ತದೆ. ಹೆಂಚಿನ ಮೇಲೆ ಮರದ ಕೊಂಬೆ ಬಾಗಿರಬಾರದು. ಹೆಂಚುಗಳನ್ನು ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿಸಿ. ಅಂಚಿನ ಎರಡು ಸಾಲು ಗಾರೆಯಲ್ಲಿ ಕೂರಲಿ. ಪಾಲಿಕಾರ್ಬೊನೇಟಿನ ಅಡಿಯ ಪೈಪುಗಳ ನಡುವೆ ಎರಡಡಿಗಿಂತ ಹೆಚ್ಚು ಅಂತರ ಬಿಡಬೇಡಿ. ಗಾಜಿನಲ್ಲಿ ತನ್ನ ಮುಖವನ್ನೇ ಕಂಡು ಜಗಳಕ್ಕೆ ಹೋಗುವ ಗಂಡು ಕೋತಿಯನ್ನು ತಡೆಯಲು ಮಾತ್ರ ನನ್ನಲ್ಲಿ ಉಪಾಯವಿಲ್ಲ. ಹೊಳೆಯುವ ಕನ್ನಡಿ ಗಾಜು ಹಾಕಬೇಡಿ ಎನ್ನಬಹುದು ಅಷ್ಟೆ. ತೂಗುಕುಂಡದ ಆಸೆಯನ್ನು ಬಿಟ್ಟುಬಿಡಿ.

7. ಸಂಡೂರಿಗೆ ಧೂಳು, ಕಂಪ್ಲಿಗೆ ಹುಳ

ಹತ್ತು ಹದಿನೈದು ಮೈಲಿಗೇ ಉತ್ತರ ಬದಲಾಗುತ್ತದೆ. ಸಂಡೂರಿನ ಕಣಿವೆ ನಮಗಿಂತ ತಂಪು, ಗುಡ್ಡ ಹಸಿರು. ಬಳ್ಳಾರಿಯ ಬ್ರಿಟಿಷ್ ದಂಡಿನವರು ಚೇತರಿಸಿಕೊಳ್ಳಲು ಅಲ್ಲಿನ ರಾಮನದುರ್ಗದ ಬೆಟ್ಟ ಹತ್ತುತ್ತಿದ್ದರು. ಬರೀ ಹವೆ ನೋಡಿದರೆ ನಮ್ಮ ಸುತ್ತಿನಲ್ಲಿ ಗಾಜಿನ ಕೋಣೆ ಒಪ್ಪುವ ಊರು ಅದೊಂದೇ. ಆದರೆ ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ಮನೆಗೆ ಕೆಂಪು ಧೂಳು. ಗಾಜಿನ ಮೇಲೆ ಕೂತ ಧೂಳನ್ನು ಒಣ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಪಾಲಿಕಾರ್ಬೊನೇಟಿನ ಮೇಲಂತೂ ಬೇಗ. ಮೊದಲು ನೀರು ಹೊಯ್ಯಬೇಕು, ಅದಕ್ಕೆ ಮಾಡಿನ ಪಕ್ಕದಲ್ಲೇ ಒಂದು ನಲ್ಲಿ ಇರಬೇಕು. ಬಿಳಿ ಚೌಕಟ್ಟು ಬೇಡ, ಕಂದು ಬಣ್ಣದ ಪೌಡರ್ ಕೋಟಿಂಗ್ ಹಾಕಿಸಿ. ಅಲ್ಲಿ ಗಾಜು ಧೂಳು ತಡೆಯುವ ಗೋಡೆ, ಆ ಲೆಕ್ಕದಲ್ಲಿ ರಸ್ತೆಯ ಕಡೆಗೆ ಅಲುಗದ ಗಾಜು, ಗುಡ್ಡದ ಕಡೆಗೆ ತೆರೆಯುವ ಕಿಟಕಿ.

ಕಂಪ್ಲಿಯದು ಹೊಳೆ, ಕಾಲುವೆ, ಭತ್ತ, ಕಬ್ಬು. ಭತ್ತ ತೆನೆಯಾಗುವ ಕಾಲಕ್ಕೆ ಸಂಜೆ ಲೈಟು ಹಾಕಿದರೆ ಹಸಿರು ಹುಳಗಳು ಮುಷ್ಟಿಗಟ್ಟಲೆ ಬಂದು ಬೀಳುತ್ತವೆ, ಊಟದ ತಾಟಿನೊಳಕ್ಕೂ. ಅಲ್ಲಿ ಗಾಜಿಗಿಂತ ಸ್ಟೀಲ್ ಮೆಶ್ಶಿಗೆ ಬೆಲೆ. ಪಿ.ಡಬ್ಲ್ಯು.ಡಿ. ಕಾಲದ ಹಳೆ ಐ.ಬಿ.ಗಳ ವರಾಂಡಕ್ಕೆ ಜಾಲರಿ ಹೊಡೆಯುತ್ತಿದ್ದವರಿಗೆ ಇದು ಗೊತ್ತಿತ್ತು. ಬಿಳಿ ಬಲ್ಬಿನ ಬದಲು ಹಳದಿ ಬಲ್ಬು ಹಾಕಿ, ಅದನ್ನೂ ಕೂರುವ ಜಾಗದಿಂದ ದೂರ, ಮೂಲೆಯಲ್ಲಿ. ಮೆಶ್ ಬಾಗಿಲಿನ ಅಡಿಯ ಸಂದಿಗೆ ಬ್ರಷ್ ಪಟ್ಟಿ ಇರಲಿ. ಕಮಲಾಪುರದ ಬಂಡೆ ಸಾಲಿನ ಮನೆಗಳಲ್ಲಿ ಇದೇ ಪಟ್ಟಿ ಚೇಳು ತಡೆಯುತ್ತದೆ.

8. ಹೊಸದನ್ನು ಹಳೆಯದಕ್ಕೆ ಬಿಗಿದು ಕಟ್ಟಬೇಡಿ

ಕಂಪ್ಲಿ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮನೆಯ ತಳಪಾಯ ಐದಾರು ಅಡಿ ಇಳಿದಿರುತ್ತದೆ, ಸಿಟ್‌ಔಟಿಗೆ ಮಾತ್ರ ಒಂದೂವರೆ ಅಡಿ ತೋಡಿ ಕಟ್ಟುತ್ತಾರೆ. ಮರುವರ್ಷ ಎರಡರ ನಡುವೆ ಬೆರಳು ತೂರುವಷ್ಟು ಬಿರುಕು. ಗೌಂಡಿ ಸಿಮೆಂಟು ತುಂಬಿ ಹೋಗುತ್ತಾನೆ, ಮಳೆಗಾಲದಲ್ಲಿ ಮತ್ತೆ ಅದೇ. ಎರೆ ನೆಲದಲ್ಲಿ ಮುಂದಿನ ಕೋಣೆಗೂ ಗಟ್ಟಿ ನೆಲ ಸಿಗುವವರೆಗೆ ಹೋಗಬೇಕು. ಅದಾಗದಿದ್ದರೆ ಎರಡನ್ನೂ ಬೇರೆ ಬೇರೆ ಎಂದೇ ಒಪ್ಪಿಕೊಂಡು ನಡುವೆ ಒಂದಿಂಚು ಸಂದಿ ಬಿಟ್ಟು, ಸಂದಿಯ ಮೇಲೆ ಮನೆಯ ಗೋಡೆಯಿಂದ ತಗಡಿನ ಮುಚ್ಚಳ ಇಳಿಸಬೇಕು. ಮುಚ್ಚಳದ ಮೇಲಿನ ಅಂಚು ಗೋಡೆಯಲ್ಲಿ ಕೊರೆದ ಸೀಳಿನೊಳಗೆ ಕೂತಿರಲಿ, ಕೆಳಗಿನ ಅಂಚು ಸಡಿಲ. ಕಮಲಾಪುರದಲ್ಲಿ ಗರಸು, ಬಂಡೆ ಬೇಗ ಸಿಗುವುದರಿಂದ ಇಷ್ಟು ತಾಪತ್ರಯವಿಲ್ಲ.

9. ಕಾಗದ ಮೊದಲು, ಗುದ್ದಲಿ ಆಮೇಲೆ

ಹಂಪಿ 1986ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಆನೆಗೊಂದಿ ಸೇತುವೆಯ ಗಲಾಟೆಯಿಂದ 1999ರಲ್ಲಿ ಅಪಾಯದ ಪಟ್ಟಿಗೆ ಸೇರಿ 2006ರಲ್ಲಿ ಹೊರಬಂತು. ಈ ನಡುವೆ 2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ಬಂತು. ಅದರ ಜೊತೆಗೆ ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಾದ ತಿದ್ದುಪಡಿ: ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಿಷೇಧಿತ ವಲಯದಲ್ಲಿ ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು, ಹೊಸ ಕಟ್ಟಡವಂತೂ ಆಗದು. ಪಟ್ಟಾಭಿರಾಮ ದೇವಸ್ಥಾನ ಊರ ಮಗ್ಗುಲಲ್ಲೇ ಇರುವ ಕಮಲಾಪುರದಲ್ಲಿ ಈ ಅಳತೆ ಎಷ್ಟೋ ಮನೆಗಳ ಅಂಗಳ ದಾಟಿ ಹೋಗುತ್ತದೆ.

"ಬರೀ ಗಾಜಿಂದು, ನಟ್ಟು ಬೋಲ್ಟಿಂದು, ಬೇಕಂದ್ರ ಬಿಚ್ಚಬಹುದು" ಎಂಬ ವಾದ ನಿಲ್ಲುವುದಿಲ್ಲ. ವಿರುಪಾಪುರಗಡ್ಡೆಯ ರೆಸಾರ್ಟುಗಳಲ್ಲಿ ಗುಡಿಸಲು, ಚಪ್ಪರದಂಥ ಹಗುರ ಕಟ್ಟಡಗಳೂ ಬೇಕಾದಷ್ಟಿದ್ದವು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವುಗಳ ತೆರವನ್ನು ಎತ್ತಿಹಿಡಿಯಿತು, ಮುಂದಿನ ತಿಂಗಳೇ ಜೆಸಿಬಿ ಬಂತು. ಕೆಲಸಕ್ಕೆ ಮುಂಗಡ ಹಿಡಿಯುವ ಮೊದಲು ನಾನು ಸರ್ವೆ ನಂಬರು ಕೇಳುತ್ತೇನೆ. ಇದರಿಂದ ಕೈತಪ್ಪಿದ ಕೆಲಸಗಳೂ ಇವೆ. ಕಟ್ಟೆ, ತಟ್ಟಿ, ಬಳ್ಳಿಯ ಹಂದರದಲ್ಲಿ ತೃಪ್ತಿಪಡಬೇಕಾದ ಮನೆಗಳಿಗೆ ಅದನ್ನೇ ಚೆನ್ನಾಗಿ ಮಾಡಿಕೊಡುವುದು ನಮ್ಮ ಕಸುಬು.

10. ಖರ್ಚನ್ನು ಎರಡು ಕಂತು ಮಾಡಿ

ಮೊದಲ ಕಂತಿನಲ್ಲಿ ತಳಪಾಯ, ನೆಲ, ಕಂಬ, ಮಾಡು, ನೀರು ಹೋಗುವ ದಾರಿ. ಇದರಲ್ಲಿ ಎಲ್ಲೂ ಕೈ ಬಿಗಿ ಹಿಡಿಯಬೇಡಿ. ಗಾಜು ಮುಂದೆ ಬರುತ್ತದೆಂದು ಕಂಬಗಳ ನಡುವಿನ ಅಂತರ ಸಮವಾಗಿರಲಿ, ಅರ್ಧ ಗೋಡೆಯ ಮೇಲೆ ಕಡಪ ಬಂಡೆ ಮಟ್ಟವಾಗಿ ಕೂರಲಿ, ಫ್ಯಾನಿಗೂ ಲೈಟಿಗೂ ಪೈಪು ಎಳೆದಿರಲಿ. ಅಲ್ಲಿಗೆ ನಿಲ್ಲಿಸಿ ಒಂದು ಬೇಸಿಗೆ, ಒಂದು ಮಳೆಗಾಲ ಅಲ್ಲಿ ಕೂತು ಎದ್ದು ನೋಡಿ. ಗಾಜಿನ ಅಳತೆಗೆ ಆಮೇಲೆ ನನ್ನನ್ನು ಕರೆಯಿರಿ ಎಂದು ಎಲ್ಲರಿಗೂ ಹೇಳಿರುತ್ತೇನೆ. ಕರೆದವರಲ್ಲಿ ಪೂರ್ತಿ ಗಾಜು ಹಾಕಿಸಿದವರು ಕಡಿಮೆ. ಇರಚಲು ಬರುವ ಒಂದು ಬದಿಗೆ ಜಾರುವ ಕಿಟಕಿ ಕೇಳಿದವರು ಕೆಲವರು, ಮಿಕ್ಕವರೆಲ್ಲ ಕೇಳಿದ್ದು ಸೊಳ್ಳೆ ಮೆಶ್ ಮತ್ತು ಮಧ್ಯಾಹ್ನ ಮಲಗಲು ಇನ್ನೊಂದು ಫ್ಯಾನಿನ ಪಾಯಿಂಟು.